ಎಡಗೈಗೊಂದು ಗೋಡೆ ಬೀರು

ಬಂದು ಕೂತಾಗಿನಿಂದ ಬೆನ್ನ ಹಿಂದಿನ ಗೋಡೆಯ ಬೀರುವನ್ನೇ ತಿರುಗಿ ತಿರುಗಿ ನೋಡುತ್ತಾ ಕುರ್ಚಿಯನ್ನು ಮೂರು ಸಲ ಮುಂದಕ್ಕೆ ಎಳೆದುಕೊಂಡಿರುವ, ಈ ಸಭೆಯ ಅಧ್ಯಕ್ಷರಾದ ಮಾನ್ಯ ಕೆಂಪಣ್ಣನವರೇ, ಹಾಸನದಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ನಿರೂಪಣೆ ಮಾಡುತ್ತಾ ‘ಐದೇ ನಿಮಿಷ ಸಾರ್’ ಎಂದು ನನ್ನ ಕಿವಿಯಲ್ಲಿ ಎರಡು ಬಾರಿ ಹೇಳಿರುವ ನನ್ನ ಹಳೆಯ ಶಿಷ್ಯ ಕೀರ್ತಿರಾಜ್ ಅವರೇ, ಹೊಳೆನರಸೀಪುರದ ಈ ಮರಗೆಲಸ ತರಬೇತಿ ಕೇಂದ್ರದಲ್ಲಿ ಕಲಿತ, ಕಲಿಯುತ್ತಿರುವ ಮಕ್ಕಳೇ, ಅವರನ್ನು ನಮ್ಮ ಕೈಗೆ ಒಪ್ಪಿಸಿದ ತಾಯಿ ತಂದೆಯರೇ, ಸಭಿಕರೇ,

ಅಧ್ಯಕ್ಷರೇ, ಹೆದರಬೇಡಿ. ಅದು ಬೀಳುವುದಿಲ್ಲ. ಒಂದು ಮರದ ಪಟ್ಟಿಯನ್ನು ಉದ್ದಕ್ಕೆ ಓರೆಯಾಗಿ ಸೀಳಿ, ಅರ್ಧವನ್ನು ಗೋಡೆಗೆ ಬಿಗಿದಿದ್ದೇನೆ, ಇನ್ನರ್ಧವನ್ನು ಬೀರುವಿನ ಬೆನ್ನಿಗೆ. ಒಂದರ ಮೇಲೊಂದು ಕೂತಿವೆ. ಬೀರು ಭಾರವಾದಷ್ಟೂ ಗೋಡೆಗೆ ಒತ್ತಿಕೊಳ್ಳುತ್ತದೆ. ನಿಮ್ಮ ತಲೆಗಿಂತ ಗಟ್ಟಿಯಾಗಿದೆ ಎಂದು ಹೇಳುವ ಧೈರ್ಯ ನನಗೆ ಇವತ್ತು ಮಾತ್ರ ಇದೆ, ಯಾಕೆಂದರೆ ಇವತ್ತು ನಾನು ನಿವೃತ್ತ.

ಮೂವತ್ತೊಂದು ವರ್ಷ ಇದೇ ಕೋಣೆಯಲ್ಲಿ ಕೆಲಸ ಮಾಡಿದೆ. ನೀವು ಕೂತಿರುವ ಜಾಗದಲ್ಲಿ ನಿನ್ನೆಯವರೆಗೂ ಕೆಲಸದ ಮೇಜುಗಳಿದ್ದವು. ಪಂಚೆ, ಸೀರೆಗೆ ಹೊಟ್ಟು ಅಂಟಿದ್ದರೆ ಅದು ನಮ್ಮ ಪ್ರಸಾದ ಎಂದು ತಿಳಿಯಿರಿ.

ನೀವು ನನಗೆ ಶಾಲು ಹೊದಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ, ನನಗೇ ಗುರುತು ಸಿಗದ ಹಾಗೆ ಹೊಗಳಿದಿರಿ. ನಾನೂ ಒಂದು ವಸ್ತು ಕೊಡಬೇಕೆಂದು ಆ ಬೀರು ಮಾಡಿದೆ. ಹಲಸಿನ ಹಲಗೆ, ನಾಲ್ಕು ವರ್ಷ ನೆರಳಲ್ಲಿ ಒಣಗಿದ್ದು. ಮೂರಡಿ ಅಗಲ, ನಾಲ್ಕಡಿ ಎತ್ತರ, ಎರಡು ಬಾಗಿಲು. ಒಳಗೆ ನನ್ನ ಎಲ್ಲ ಕೈಸಾಮಾನು.

ಪೇಟೆಯಲ್ಲಿ ಕಬ್ಬಿಣದ ಪೆಟ್ಟಿಗೆ ಸಿಗುವುದಿಲ್ಲವೇ? ಸಿಗುತ್ತದೆ. ಅದರಲ್ಲಿ ಉಳಿಯ ಮೇಲೆ ಗರಗಸ, ಗರಗಸದ ಮೇಲೆ ಕೊಡತಿ, ಅಂದರೆ ನಮ್ಮ ಮರದ ಸುತ್ತಿಗೆ. ಹುಡುಕಿ ತೆಗೆಯುವಷ್ಟರಲ್ಲಿ ಹಚ್ಚಿದ ಅಂಟು ಒಣಗಿರುತ್ತದೆ. ಗೋಡೆ ಬೀರು ಹಾಗಲ್ಲ. ಕಣ್ಣು ಮರದ ಮೇಲಿನ ಗೆರೆಯಲ್ಲೇ ಇರಬೇಕು, ಕೈ ಚಾಚಿದರೆ ಬೇಕಾದ್ದು ಬೆರಳಿಗೆ ಸಿಗಬೇಕು. ಅದಕ್ಕೇ ಈ ಕೋಣೆಯಲ್ಲಿ ನನ್ನದೊಂದು ಕಾನೂನು ಇತ್ತು. ಯಾರು ಏನು ತೆಗೆದರೂ ಅದೇ ಗೂಡಿಗೆ ಇಡಬೇಕು. ಬೀರು ಯಾರದೋ ಅವರೊಬ್ಬರೇ ಜಾಗ ಬದಲಿಸಬಹುದು. ಒಮ್ಮೆ ನನ್ನ ಹೆಂಡತಿ ಕಾಮಾಕ್ಷಮ್ಮ ಧೂಳು ಒರೆಸಿ ಎಲ್ಲವನ್ನೂ ಅಂದವಾಗಿ ಜೋಡಿಸಿದಳು. ಒಂದು ವಾರ ನಾನು ಕುರುಡ.

ಅಂದಮೇಲೆ ಬೀರುವನ್ನು ಯಾರ ಅಳತೆಗೆ ಮಾಡಬೇಕು? ಮಾಡುವವನ ಅಳತೆಗೋ, ಬಳಸುವವರ ಅಳತೆಗೋ? ಸುಲಭದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ನನಗೆ ಒಂಬತ್ತು ವರ್ಷ ಹಿಡಿಯಿತು.

ಎರಡನೇ ಸಾಲಿನ ತುದಿಯಲ್ಲಿ ಕೂತಿದ್ದಾಳಲ್ಲ, ಸಂಘಮಿತ್ರಾ, ಒಂಬತ್ತು ವರ್ಷದ ಹಿಂದೆ ಈ ಕೇಂದ್ರಕ್ಕೆ ಸೇರಿದ ಮೊದಲ ಹೆಣ್ಣುಮಗಳು. ಹಿರೀಸಾವೆಯವಳು. ಮೊದಲ ದಿನವೇ ಕೊಡತಿಯನ್ನು ಎಡಗೈಯಲ್ಲಿ ಎತ್ತಿದಳು. ನಾನು ಅದನ್ನು ಕಿತ್ತು ಬಲಗೈಯಲ್ಲಿ ಇಟ್ಟೆ. ಮಾರನೇ ದಿನ ಮತ್ತೆ ಎಡಗೈ, ಮತ್ತೆ ಕಿತ್ತು ಇಟ್ಟೆ. ಹೀಗೆ ನಲವತ್ತು ದಿನ. ಒಂದೆರಡು ಸಲ ಅಡಿಕೋಲಿನಿಂದ ಆ ಕೈಗೆ ತಟ್ಟಿದೆ. ತಟ್ಟಿದೆ ಅನ್ನುತ್ತಿದ್ದೇನೆ. ಅವಳನ್ನು ಕೇಳಿದರೆ ಬೇರೆ ಪದ ಹೇಳಿಯಾಳು. ನಲವತ್ತೊಂದನೆಯ ದಿನ, ಒಗ್ಗದ ಬಲಗೈಯಲ್ಲಿದ್ದ ಕೊಡತಿ ಗುರಿ ತಪ್ಪಿತು, ಉಳಿ ಹಿಡಿದಿದ್ದ ಎಡಗೈ ಅದರ ಅಲಗಿನ ಮೇಲೆ ಜಾರಿ ಹೆಬ್ಬೆರಳ ಬುಡ ಸೀಳಿತು. ನಾಲ್ಕು ಹೊಲಿಗೆ.

ಅವಳ ಅಜ್ಜಿ, ಈಗ ಅವಳ ಪಕ್ಕದಲ್ಲೇ ಕೂತಿರುವ ಮುದ್ದಮ್ಮನವರು, ಮಾರನೇ ದಿನ ಮೊದಲ ಬಸ್ಸಿಗೆ ಬಂದು ಇದೇ ಬಾಗಿಲಲ್ಲಿ ನಿಂತರು. “ಏನ್ ಕಾಂತ್ರಾಜ್ ಸಾ, ನಮ್ ಉಡ್ಗಿ ಯಾವ್ ಕೈಲಿ ಒಡುದ್ರೆ ನಿಮ್ಗೇನ್ ಸಾ? ಮರುಕ್ಕೇನ್ ಗೊತ್ತಾಯ್ತದಾ ಯಾವ್ ಕೈ ಅಂತ?” ನಾನು ಶಿಸ್ತು, ಪದ್ಧತಿ ಎಂದು ಏನೋ ಹೇಳಿದೆ. “ನಿಮ್ ಶಿಸ್ತ ನೀವೇ ಮಡಿಕಳಿ. ಏ, ನಡಿಯಮ್ಮಿ” ಎಂದು ಮೊಮ್ಮಗಳನ್ನು ಕರೆದುಕೊಂಡು ಹೋಗಿಬಿಟ್ಟರು.

ಅವಳು ಚನ್ನರಾಯಪಟ್ಟಣದಲ್ಲಿ ಒಬ್ಬರು ಪೀಠೋಪಕರಣ ಮಾಡುವವರ ಹತ್ತಿರ, ಎಡಗೈಯಲ್ಲೇ, ಕೆಲಸ ಕಲಿತಳು. ಈಗ ಹಾಸನದಲ್ಲಿ ಹದಿನಾಲ್ಕು ಜನರಿಗೆ ಮೇಸ್ತ್ರಿ. ನನ್ನ ಜಾಗಕ್ಕೆ ಯಾರು ಎಂದು ಸಮಿತಿಯವರು ಕೇಳಿದಾಗ ನಾನು ಬರೆದುಕೊಟ್ಟಿದ್ದು ಒಂದೇ ಹೆಸರು. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ‘ಸಭೆಗೆ ಬತ್ತೀನಿ, ಆಮೇಲ್ ಹೇಳ್ತೀನಿ’ ಎಂದಳಂತೆ. ಅವಳು ಒಪ್ಪದಿದ್ದರೆ ಮರಗೆಲಸದ ವಿಭಾಗ ಮುಚ್ಚಿ, ಈ ಕೋಣೆಯನ್ನು ಉಗ್ರಾಣ ಮಾಡುತ್ತಾರೆ. ಅಧ್ಯಕ್ಷರು ಕೆಮ್ಮುತ್ತಿದ್ದಾರೆ. ಆ ಮಾತು ಸಭೆಯಲ್ಲಿ ಹೇಳುವುದಲ್ಲವೇನೋ. ಹೇಳಿಯಾಯಿತು.

ಬೀರು ಅವಳಿಗೆಂದೇ ಮಾಡಿದ್ದು. ನಕ್ಷೆ ಬರೆದೆ, ಮೇಲಿನ ಸಾಲಿನ ಗೂಟಗಳಿಗೆ ಐದಡಿ ಒಂಬತ್ತಿಂಚಿನಲ್ಲಿ ಗುರುತು ಹಾಕಿದೆ. ಹಾಕಿ ಕೈ ಎತ್ತಿ ನೋಡಿದೆ, ಸರಿಯಾಗಿತ್ತು. ಯಾರಿಗೆ ಸರಿ? ನನಗೆ! ನಾನು ಆರಡಿ ಉದ್ದದ ಮನುಷ್ಯ. ಮತ್ತೆ ಅದೇ ತಪ್ಪು.

ಹಿರೀಸಾವೆಗೆ ಹೋದೆ. ಮುದ್ದಮ್ಮನವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಬನ್ನಿ ಸಾ, ಬನ್ನಿ. ಈಗ ಯಾವ್ ಕೈ ನೋಡಕ್ ಬಂದ್ರಿ?”

“ಸಂಘಮಿತ್ರಾಳ ಅಳತೆ ಬೇಕಿತ್ತು, ಅಮ್ಮ.”

“ಅಳ್ತೆಯಾ? ಯಾಕ್ ಸಾ, ರವಿಕೆ ಒಲಿತೀರಾ?”

ವಿಷಯ ಹೇಳಿದೆ. ಅವರು ಮಡಿಲಲ್ಲಿದ್ದ ಕಾಯಿಯನ್ನೆಲ್ಲ ಸುಲಿದು ಮುಗಿಸಿದರು. ಆಮೇಲೆ ಎದ್ದು ಒಳಗೆ ಕರೆದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಒಂದು ಮೊಳೆ. “ಅಗಾ ನೋಡಿ, ವಾರ ವಾರ ಬಂದೇಟ್ಗೆ ಗಾಡಿ ಕೀ ಅಲ್ಲಿಗ್ ನೇತಾಕ್ತಾಳೆ. ಅವ್ಳೇ ಒಡ್ಕಂಡಿರ ಮೊಳೆ.” ನೆಲದಿಂದ ಮೊಳೆಗೆ ಟೇಪು ಹಿಡಿದೆ. ಐದಡಿ ಒಂದಿಂಚು. ಆ ಗೂಟಗಳೆಲ್ಲ ಎಂಟು ಇಂಚು ಕೆಳಗಿಳಿದವು. ಮುದ್ದಮ್ಮನವರು ಕಾಫಿ ಕೊಟ್ಟರು. ಸಕ್ಕರೆ ಮಾತ್ರ ಹಾಕಿರಲಿಲ್ಲ. ಮರೆತರೋ, ಬೇಕೆಂದೇ ಮಾಡಿದರೋ ಕೇಳಲಿಲ್ಲ, ಪೂರ್ತಿ ಕುಡಿದೆ.

ಇನ್ನು ಒಳಗಿನ ಜೋಡಣೆ. ನಮ್ಮಂಥವರಿಗೆ ಕೊಡತಿ ಬಲಬಾಗಿಲಲ್ಲಿ, ಉಳಿಗಳು ಎಡಬಾಗಿಲಲ್ಲಿ. ಅವಳಿಗೆ ಎಲ್ಲವೂ ತಿರುಗುಮುರುಗು. ತಲೆಯಲ್ಲಿ ತಿರುಗಿಸಿ ಮಾಡಹೋಗಿ ಎರಡು ಹಲಗೆ ಹಾಳಾದವು. ಕೊನೆಗೆ, ನಾನೇ ಎಡಗೈಯಲ್ಲಿ ಕೆಲಸ ಮಾಡಿ ನೋಡಿದರೆ ತಾನೇ ಗೊತ್ತಾಗುವುದು ಎಂದು ಕೊಡತಿಯನ್ನು ಎಡಗೈಗೆ ತೆಗೆದುಕೊಂಡೆ. ಮೊದಲ ಏಟು ಉಳಿಯ ನೆತ್ತಿಗೇ ಬಿತ್ತು. ಎರಡನೆಯದೂ. ಕಾಫಿ ತಂದ ಕಾಮಾಕ್ಷಮ್ಮ ನಿಂತು ನೋಡಿದಳು. “ಇದೇನ್ರೀ, ಎಡ್ಗೈಲಿ! ಬಲ್ಗೈಗಿಂತ್ಲೂ ಚೆನ್ನಾಗ್ ಬೀಳ್ತೈತಲ್ರೀ.”

ಆ ಮಾತಿಗೆ ಹಳೆಯದೊಂದು ನೆನಪಾಯಿತು. ನಮ್ಮೂರು ಅರಕಲಗೂಡಿನ ಕಡೆ, ರುದ್ರಪಟ್ಟಣಕ್ಕೆ ಕೂಗಳತೆ. ಐದು ವರ್ಷದವನಿದ್ದಾಗ ಅಲ್ಲಿನ ಒಂದು ಸಂಗೀತ ಕಛೇರಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತು, ದೊಡ್ಡವರ ಹಾಗೆ ತೊಡೆ ತಟ್ಟಿ ತಾಳ ಹಾಕಿದೆ. ಎಡಗೈಯಲ್ಲಿ. ಯಾರೋ ನಕ್ಕರು. ನನ್ನ ಅಜ್ಜಿ ಮಾಯಮ್ಮ ಮನೆಗೆ ಬಂದವಳೇ ಹಳೇ ಸೀರೆಯ ಚೂರು ಹರಿದು ಆ ಕೈಗೆ ಸುತ್ತಿದಳು. ಮುಷ್ಟಿಯೇ ಕಾಣದ ಹಾಗೆ. ‘ನಾಳೆ ನಾಕ್ ಜನದ್ ಮುಂದೆ ನಗೆಪಾಟ್ಲಾಗ್ಬಾರ್ದು ಕಣ್ಲಾ’ ಎಂದು ತಾನೇ ಅಳುತ್ತಾ ಸುತ್ತಿದಳು. ಆರು ತಿಂಗಳು. ಬಿಚ್ಚಿದಾಗ ನಾನು ಬಲಗೈಯವನಾಗಿದ್ದೆ. ಎಷ್ಟರಮಟ್ಟಿಗೆ ಎಂದರೆ, ಅಂಥದ್ದೊಂದು ನಡೆದಿತ್ತು ಎನ್ನುವುದೇ ಮರೆತಿದ್ದೆ. ಕಾಮಾಕ್ಷಮ್ಮನಿಗೂ ಮೊನ್ನೆಯೇ ಹೇಳಿದ್ದು.

ಕೀರ್ತಿರಾಜ್ ಗಡಿಯಾರ ತೋರಿಸುತ್ತಿದ್ದಾನೆ. ಆಯಿತಪ್ಪ, ಮುಗಿಸುತ್ತೇನೆ.

ಸಂಘಮಿತ್ರಾ, ಗಾಯ ನಿನ್ನದು, ತಪ್ಪು ನನ್ನದು. ನೀನು ಏನೇ ತೀರ್ಮಾನ ಮಾಡು, ಆ ಬೀರು ನಿನ್ನದೇ. ಹಾಸನಕ್ಕೆ ಒಯ್ಯುತ್ತೀಯಾದರೆ ಲಾರಿಗೆ ಹೇಳಿದ್ದೇನೆ. ಬಾಮ್ಮ, ಇಲ್ಲಿ ಬಾ. ಬೀಗದ ಕೈ ತಗೋ. ಹಿರಿಯರು ಕ್ಷಮಿಸಬೇಕು, ಎಡಗೈಯಲ್ಲೇ ಕೊಡುತ್ತಿದ್ದೇನೆ, ಅವಳೂ ಎಡಗೈಯಲ್ಲೇ ತೆಗೆದುಕೊಂಡಳು.

ಹಿಂದೆ ಕೂತವರಿಗೆ ಕಾಣಿಸದಿದ್ದರೆ ನಾನು ಹೇಳುತ್ತೇನೆ. ಬಾಗಿಲು ತೆಗೆದಳು. ಎಡಬಾಗಿಲಲ್ಲಿ ಕೊಡತಿ, ಬಲಬಾಗಿಲಲ್ಲಿ ಹನ್ನೊಂದು ಉಳಿ, ನಡುವೆ ಗರಗಸಗಳು. ಎರಡು ಗೂಟ ಖಾಲಿ ಬಿಟ್ಟಿದ್ದೇನೆ, ಮುಂದೆ ಬೇಕಾಗಬಹುದೆಂದು. ನೋಡುತ್ತಿದ್ದಾಳೆ. ಕೊಡತಿ ಮುಟ್ಟಿದಳು, ಬಿಟ್ಟಳು. ಮರದ ಮೇಲೆ ಗೆರೆ ನೇರ ಎಳೆಯಲು ಹಿಡಿಯುವ ಮೂಲೆಮಟ್ಟ ತೆಗೆದಳು. ಯಾಕಮ್ಮ? ಎಡಬಾಗಿಲಿನಿಂದ ತೆಗೆದು ಬಲಬಾಗಿಲಿನ ಖಾಲಿ ಗೂಟಕ್ಕೆ ತೂಗುಹಾಕಿದಳು.

ಸರಿ. ಸರಿಯೇ. ಗೆರೆ ಎಳೆಯುವುದು ಎಡಗೈಯಾದರೆ ಮಟ್ಟ ಹಿಡಿಯುವುದು ಬಲಗೈ. ಅದೊಂದನ್ನು ನಾನು ಹಳೇ ಅಭ್ಯಾಸದಲ್ಲೇ ಇಟ್ಟಿದ್ದೆ.

ಬಾಗಿಲು ಮುಚ್ಚಿ ಬೀಗ ಹಾಕಿದಳು. ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ತನ್ನ ಜಾಗದಲ್ಲಿ ಕೂತಳು. ಮುದ್ದಮ್ಮನವರು ನಗುತ್ತಿದ್ದಾರೆ.

ಅಧ್ಯಕ್ಷರೇ, ಈ ಕೋಣೆಯ ಕಾನೂನು ಆಗಲೇ ಹೇಳಿದೆನಲ್ಲ, ಜಾಗ ಬದಲಿಸುವುದು ಬೀರು ಯಾರದೋ ಅವರು. ಲಾರಿಗೆ ಹೇರುವವಳು ಇಲ್ಲೇ ಸಾಮಾನು ಜೋಡಿಸಿ, ಬೀಗ ಹಾಕಿಕೊಂಡು ಕೂರುವುದಿಲ್ಲ. ಲಾರಿಯವನಿಗೆ ಬೇಡವೆಂದು ನಾನು ಹೇಳುತ್ತೇನೆ, ನೀವು ನೇಮಕದ ಪತ್ರ ಟೈಪ್ ಮಾಡಿಸಿ.

ಮೂವತ್ತೊಂದು ವರ್ಷ ನನ್ನನ್ನು ಸಹಿಸಿದ ನಿಮಗೆಲ್ಲ, ನನ್ನ ಮನೆಯವಳಿಗೆ, ಸಕ್ಕರೆ ಇಲ್ಲದ ಕಾಫಿ ಕೊಟ್ಟವರಿಗೆ, ನನ್ನ ಕೃತಜ್ಞತೆಗಳು. ಹೊರಗೆ ಉಪ್ಪಿಟ್ಟು, ಕೇಸರಿಬಾತು ಇದೆ, ಯಾವ ಕೈಯಲ್ಲಿ ಬೇಕಾದರೂ ತಿನ್ನಿ.

ಕೀರ್ತಿರಾಜ್, ಈ ಮೈಕು ಸ್ವಲ್ಪ ಹಿಡಿಯಪ್ಪ. ನನಗೆ ಎರಡೂ ಕೈ ಬೇಕು.

ನಮಸ್ಕಾರ.