ನಾನೂರು ದೋಸೆಯ ಹಿಟ್ಟು

“ಕಾಲೇಜು ಬಿಟ್ಟವನಿಗೆ ಫಾರಂ ಓದೋಕೆ ಎಲ್ಲಿ ಬರುತ್ತೆ?”

ಅಮೆರಿಕದ ಟ್ರಾಯ್ ಊರಿನ ಕನ್ನಡ ಹಬ್ಬದಲ್ಲಿ ದೋಸೆಗೆಂದು ನಿಂತಿದ್ದ ಸಾಲಿಗೆಲ್ಲ ಕೇಳುವಂತೆ ಕಮಿಟಿಯ ಚಂದ್ರಮೌಳಿ ಅಂದರು. ಸ್ಟಾಲ್ ಹಾಕಿದ್ದ ಸತ್ಯನ ಮೈ ಉರಿದುಹೋಯಿತು.

“ಅಂಕಲ್, ಒಲೆ ತಗೊಂಡು ಬಾ ಅಂತ ಫೋನಲ್ಲಿ ಹೇಳಿದ್ದು ನೀವೇ.”

“ಕರೆಂಟ್ ಒಲೆ ಅಂತ ಫಾರಂನಲ್ಲಿದೆ. ಹಾಲ್ ಒಳಗೆ ಗ್ಯಾಸ್ ಹಚ್ಚೋ ಹಾಗಿಲ್ಲ.”

“ಹೊರಗಡೆ ಹಚ್ತೀನಿ.”

“ಅದಕ್ಕೂ ಪರ್ಮಿಟ್ ಬೇಕು. ಇವತ್ತು ಭಾನುವಾರ, ಆಫೀಸ್ ತೆಗೆದಿರಲ್ಲ.”

“ಲೊಂಬಾರ್ಡ್‌ನಿಂದ ಮುನ್ನೂರು ಮೈಲಿ ಡ್ರೈವ್ ಮಾಡಿದೀನಿ ಅಂಕಲ್. ಹಿಟ್ಟು ಆಗ್ಲೇ ಉಕ್ಕಿ ಬರ್ತಿದೆ.”

ಸಾಲಿನಲ್ಲಿದ್ದ ಪದ್ಮ ಆಂಟಿ, “ಪಾಪ, ಏನಾದ್ರೂ ಮಾಡ್ರೀ” ಅಂದರು.

“ವೇಸ್ಟ್ ಮಾಡ್ಬೇಡ ಸತ್ಯ. ಕಮಿಟಿಯವರ ಮನೆಗಳಿಗೆ ಹಂಚಿಬಿಡು, ಪುಣ್ಯ ಬರುತ್ತೆ” ಅಂದರು ಚಂದ್ರಮೌಳಿ.

ಸಾಲು ಆಗಲೇ ಪಕ್ಕದ ಚಾಟ್ ಸ್ಟಾಲಿನತ್ತ ಸರಿಯುತ್ತಿತ್ತು. ಸತ್ಯ ಎರಡೂ ಕೈಯಲ್ಲಿ ಹಿಟ್ಟಿನ ಬಕೆಟ್ ಎತ್ತಿಕೊಂಡು, ಪಾರ್ಕಿಂಗ್‌ನಲ್ಲಿದ್ದ ತನ್ನ ಕಾರಿನ ಕಡೆಗೆ ನಡೆದ.