ಕಬಡ್ಡಿಯ ಕಾಮೆಂಟರಿ

ಜಹೀರಾಬಾದಿನಲ್ಲಿ ನ್ಯಾಲ್ಕಲ್ ಊರಿಗೆ ಹೋಗುವ ಜೀಪಿಗೆ ಕಾದು ಬೇಸತ್ತಿದ್ದ ಜನಾಬಾಯಿಗೆ ಪಕ್ಕದ ಚಹಾದಂಗಡಿಯ ಮಾತು ಕೇಳುತ್ತಿತ್ತು. ರೇಡಿಯೋದ ತೆಲುಗು ಕಾಮೆಂಟರಿಯನ್ನು ಅಂಗಡಿಯ ನಾಮದೇವ ಗಿರಾಕಿಗಳಿಗೆ ಕನ್ನಡದಲ್ಲಿ ಹೇಳುತ್ತಿದ್ದ.

“ಗಂಗಾರಾಮಣ್ಣ, ನಮ್ಮ ಕಾಲೇಜಿನವ್ರು ಗೆದ್ದಾರ ನೋಡ್ರಿ. ನಿಮ್ಮ ಮಗ ಒಂದೇ ಸಲಕ್ಕ ಇಬ್ಬರನ್ನ ಔಟ್ ಮಾಡ್ಯಾನ.”

“ರೇಡಿಯೋದಾಗ ಅವನ ಹೆಸರು ಹೇಳ್ಯಾರೇನ್ರಿ?”

“ಹೇಳ್ಯಾರಲ್ರಿ.”

“ಅವ ಕಾಲು ಮುರಕೊಂಡು ತಿಂಗಳಾತು. ಮನ್ಯಾಗ ಮಲಗ್ಯಾನ.”

ನಾಮದೇವ ರೇಡಿಯೋದ ಸದ್ದು ಇಳಿಸಿದ.

“ನಿಮಗ ಖುಷಿ ಆಗಲಿ ಅಂತ ಹೇಳ್ತಿದ್ದೆ. ತಪ್ಪಾತ್ರಿ. ಇನ್ನ ಹೇಳಂಗಿಲ್ಲ.”

“ಹಂಗ ಮಾಡಬ್ಯಾಡ್ರಿ. ನೀವು ಹೇಳಿದ್ದನ್ನ ಹೋಗಿ ಅವಗ ಹೇಳ್ತೀನಿ. ಆವಾಗಷ್ಟೇ ಒಂದೀಟು ನಗ್ತಾನ.”

ಜೀಪು ಬಂತು. ಜನಾಬಾಯಿ ಹತ್ತಿ ಕೂತು, ಸರಿದು ಜಾಗ ಕೊಟ್ಟಳು. ಗಂಗಾರಾಮ ಹತ್ತುತ್ತ ತಿರುಗಿದ.

“ಇಬ್ಬರನ್ನ ಅಂದ್ರಲ್ಲ?”

“ಮೂವರನ್ನ ಅಂತ ಹೇಳ್ರಿ.”