ಕಾರಂಜಿ ಕಾಣದ ಮೈಸೂರಿನವನು

ಬೃಂದಾವನ ಉದ್ಯಾನದ ಹೊರಗೆ ಮೈಸೂರಿನ ಬಸ್ಸಿಗೆ ಕಾಯುತ್ತಿದ್ದ ಚಂದ್ರಪ್ರಭಾ, ಪರರ ಮಾತಿಗೆ ಕಿವಿಗೊಡಬಾರದೆಂದು ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಆದರೂ ಬೆನ್ನ ಹಿಂದೆ ನಿಂತಿದ್ದ ಜೋಡಿಯ ಒಂದು ಮಾತೂ ತಪ್ಪಲಿಲ್ಲ.

"ಕಾರಂಜಿ ನೋಡಾಕ ಸೇತುವೆ ದಾಟಬೇಕಂತ ಬೋರ್ಡ್ ಇತ್ತು. ಓದಿ ಹೇಳಿದ್ನಲ್ರಿ," ಎಂದಳು, ಮಾತಿನ ಧಾಟಿಯಲ್ಲೇ ದಾವಣಗೆರೆಯವಳೆಂದು ತಿಳಿಯುತ್ತಿದ್ದ ಹೆಣ್ಣು.

"ಹೇಳಿದ್ರಿ. ಮೈಸೂರಿನವನಿಗೇ ದಾರಿ ಹೇಳ್ತೀರಾ ಅಂದೆ ನಾನು."

"ಅಂದು, ಗೋಡೆ ಹತ್ರ ಕರ್ಕೊಂಡು ಹೋಗಿ ನಿಲ್ಲಿಸಿದ್ರಿ. ಅಷ್ಟರಾಗ ಕಾರಂಜಿ ಆಟ ಮುಗದೇ ಹೋತು."

"ನಿಜ ಹೇಳ್ಲಾ? ಮೂವತ್ತಾರು ವರ್ಷಕ್ಕೆ ಇವತ್ತೇ ಒಳಗೆ ಕಾಲಿಟ್ಟಿದ್ದು. ಪಕ್ಕದಲ್ಲೇ ಇದೆಯಲ್ಲ, ನಾಳೆ ನೋಡಿದ್ರಾಯ್ತು ಅಂತ."

"ಮತ್ತೆ ಪ್ರತಿ ಭಾನುವಾರ ಬರ್ತೀನಿ ಅಂದಿದ್ದು?"

"ಹೆಣ್ಣು ನೋಡೋಕೆ ಬಂದವನು ಏನಾದ್ರೂ ಹೇಳ್ಬೇಕಲ್ಲ. ತಲೇಲಿ ಕೂದಲೂ ಕಮ್ಮಿ."

"ಅದು ಕಂಡಿತ್ತು ಬಿಡ್ರಿ."

"ಮೈಸೂರಲ್ಲಿ ಕಾಯ್ತಿರೋ ನಿಮ್ಮ ಸೋದರತ್ತೆ ಕೇಳ್ತಾರೆ, ಹುಡುಗ ಹೇಗೆ ಅಂತ. ಏನ್ ಹೇಳ್ತೀರಿ?"

"ಗೋಡೆ ಚಲೋ ತೋರಿಸ್ತಾರ ಅಂತೀನಿ."

ಅಷ್ಟರಲ್ಲಿ ಬಸ್ಸು ಬಂತು. ಜನ ನುಗ್ಗಿದರು. ಅವನು ಪಕ್ಕಕ್ಕೆ ಸರಿದ.

"ನೀವು ಹೋಗಿ. ನಿಮ್ಮ ಸೋದರತ್ತೆಗೆ ಮುಖ ತೋರಿಸೋಕಾಗಲ್ಲ, ನಾನು ಮುಂದಿನ ಬಸ್ಸಿಗೆ ಬರ್ತೀನಿ."

ಅವಳು ತುದಿಗಾಲಲ್ಲಿ ನಿಂತು, ಕಿಟಕಿಯೊಳಗೆ ಕೈ ತೂರಿಸಿ, ಒಂದು ಸೀಟಿಗೆ ಕರವಸ್ತ್ರ, ಅದರ ಪಕ್ಕದ ಸೀಟಿಗೆ ತನ್ನ ಕೈಚೀಲ ಎಸೆದಳು.

"ಕಿಟಕಿ ಕಡೆ ನಾನು. ಹತ್ರಿ ಬೇಗ. ಮುಂದಿನ ಭಾನುವಾರ ದಾರಿ ನಾನು ತೋರಿಸ್ತೀನಿ."

ಅವರು ಹತ್ತಿದರು. ಅವರನ್ನೇ ನೋಡುತ್ತ ನಿಂತ ಚಂದ್ರಪ್ರಭಾಳಿಗೆ ಸೀಟು ಹಾಗಿರಲಿ, ಬಸ್ಸೇ ತಪ್ಪಿಹೋಯಿತು.